ಎಡತೋಳು ಕೂಡಿಸದ ಕೋಟು

ಅಂಗಡಿಯಿಂದ,
ಗುರುವಾರ, ಊಟವಾದ ಮೇಲೆ

ನಮ್ಮ ಮನೆಯ ಮಹಾರಾಯರಿಗೆ,

ಕಾಗದ ಅಂದರೆ ಮೊದಲು ಹೇಗಿದ್ದೀರಿ ಎಂದು ಕೇಳಬೇಕು. ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ನಿಮ್ಮಮ್ಮನ ವಿಷಯ. ಅವರನ್ನು ನೋಡಲು ದಿನಾ ಮಧ್ಯಾಹ್ನ ಒಬ್ಬ ಗಂಡಸು ಅಂಗಡಿಗೆ ಬರುತ್ತಾರೆ. ಆ ಮನುಷ್ಯ ಸತ್ತು ಎಷ್ಟೋ ವರ್ಷವಾಗಿದೆ.

ನಗಬೇಡಿ. ನನಗೂ ಮೊದಮೊದಲು ನಗು, ಅಳು, ಹೆದರಿಕೆ ಎಲ್ಲ ಬಂದವು. ಈಗ ಯಾವುದಕ್ಕೂ ತ್ರಾಣವಿಲ್ಲ. ಶಾಲೆಗಳು ಶುರುವಾಗುವ ಕಾಲ. ಸಮವಸ್ತ್ರದ ಬಟ್ಟೆ ಮೇಜಿನ ಮೇಲಿಂದ ಜಾರಿ ಮೆಟ್ಟಿಲ ತನಕ ಬಂದು ಬಿದ್ದಿದೆ. ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟುಹೋಗಿದೆ. ಎದುರು ಬೇಕರಿಯವರ ಹೆಂಡತಿ ಅದೇ ಗೌನನ್ನು ಮತ್ತೆ ಬಿಗಿ ಅನ್ನುತ್ತಾ ತಂದು ಎಸೆದುಹೋಗಿದ್ದಾರೆ. ಇಡೀ ದಿನ ಬೇಕರಿಯಲ್ಲಿ ಕೂತವರ ಮೈಗೆ ನನ್ನ ಟೇಪು ಏನು ಮಾಡೀತು ಹೇಳಿ. ರಾತ್ರಿ ಮಲಗಿದರೆ ಬೆನ್ನು ನೆಟ್ಟಗಾಗುವುದಿಲ್ಲ, ಬೆಳಗ್ಗೆ ಎದ್ದರೆ ಬಗ್ಗುವುದಿಲ್ಲ. ಇಷ್ಟರ ನಡುವೆ ಸತ್ತವರನ್ನು ಸಂಭಾಳಿಸುವ ಕೆಲಸವೂ ನನ್ನ ತಲೆಗೇ ಬಿದ್ದಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀರಿ. ನಿಮ್ಮ ಫೋನು ಸೋಮವಾರದಿಂದ ಹತ್ತುತ್ತಿಲ್ಲ. ನನ್ನ ಹೆಸರು ಕಂಡರೆ ಎತ್ತುವುದಿಲ್ಲ ಎಂಬುದು ಗೊತ್ತಿತ್ತು, ಆಫ್ ಮಾಡಿಯೇ ಇಡುವಷ್ಟು ಬೇಸರ ಎಂದುಕೊಂಡಿರಲಿಲ್ಲ. ಇರಲಿ. ಇಲ್ಲಿ ಅಂಗಡಿಯ ಫೋನಿಗೂ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತಲೇ ಇದೆ. ಏನಾದರೂ ಮಾರುವವರಿರಬೇಕು, ನಾನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಲಾರಿ ಡಿಪೋದ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಯಾರಾದರೂ ನಿಮ್ಮ ಕೈಗೆ ಮುಟ್ಟಿಸಿಯಾರು.

ಊಟವಾದ ಮೇಲೆ ಅತ್ತೆ ಶಟರ್ ಅರ್ಧ ಇಳಿಸಿ ಒಬ್ಬರೇ ಅಂಗಡಿಯಲ್ಲಿ ಕೂರುವ ಅಭ್ಯಾಸ ನಿಮಗೆ ನೆನಪಿರಬೇಕು. ನೀವು ಚಿಕ್ಕವರಿದ್ದಾಗ ನಿಮ್ಮನ್ನು ಮಹಡಿಗೆ ಅಟ್ಟುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ಮೇಲೆ ನನ್ನನ್ನೂ. ಹೋಗಿ ಸ್ವಲ್ಪ ಅಡ್ಡಾಗು ಕಣೇ, ಬೆಳಗ್ಗಿಂದ ದುಡಿದಿದ್ದೀಯ ಅನ್ನುತ್ತಿದ್ದರು. ಎಂಥ ಒಳ್ಳೆಯ ಅತ್ತೆ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಪೆದ್ದಿ ನಾನು.

ನೀವು ಹೋದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮರೆತ ಕನ್ನಡಕಕ್ಕೆಂದು ಕೆಳಗಿಳಿದು ಬಂದೆ. ಟ್ರಯಲ್ ನೋಡುವ ಕನ್ನಡಿಯ ಮುಂದೆ ಯಾರೋ ನನಗೆ ಬೆನ್ನು ಮಾಡಿ ನಿಂತಿದ್ದರು, ಅಳತೆಗೆ ನಿಂತ ಗಿರಾಕಿಗಳ ಹಾಗೆ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡು. ಎಡ ಹೆಗಲು ಒಂದಿಷ್ಟು ತಗ್ಗು. ಆ ತಗ್ಗನ್ನು ನೋಡಿಕೊಂಡು ನಿಮಗೆ ಎಷ್ಟು ಅಂಗಿ ಕತ್ತರಿಸಿಲ್ಲ ನಾನು! ಎದೆ ಧಸಕ್ಕೆಂದಿತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಗಲ್ಲ, ಸಂತೋಷಕ್ಕೆ. ಬಂದ್ರಾ ಎಂದು ಕೂಗಿಯೇಬಿಟ್ಟೆ.

ಅವರು ತಿರುಗಿದರು. ಕಿವಿ ನಿಮ್ಮದು, ಗದ್ದ ನಿಮ್ಮದು, ಆದರೆ ಇನ್ನೂ ಎಳೆಯ ಮುಖ. ಕನ್ನಡಿಯ ಕಡೆ ನೋಡಿದೆ. ಅದರಲ್ಲಿ ಮೇಜಿತ್ತು, ಅತ್ತೆ ಇದ್ದರು, ತಲೆ ಕೆದರಿಕೊಂಡು ನಾನಿದ್ದೆ. ಅವರಿರಲಿಲ್ಲ. ಅತ್ತೆ ಹಲ್ಲಿನಿಂದ ದಾರ ಕಡಿದು, ಕಿರುಚ್ಬೇಡ ಕಣೇ, ನಿಮ್ಮ ಮಾವ ಅಂದರು. ಪಕ್ಕದ ಬೀದಿಯಿಂದ ಬಂದ ನೆಂಟರನ್ನು ತೋರಿಸುವ ಹಾಗೆ! ನಾನಾದರೂ ಏನು ಮಾಡಿದೆ? ಅಭ್ಯಾಸಬಲ, ಕೂತ್ಕೊಳ್ಳಿ ಮಾವ, ಟೀ ಮಾಡ್ಕೊಂಡ್ ಬರ್ತೀನಿ ಅಂದೆ. ಸತ್ತವರಿಗೆ ಟೀ ಬೇಕಾ ಎಂದು ಕೇಳಿದ ಸೊಸೆ ಇನ್ನೊಬ್ಬಳು ಇರಲಾರಳು. ಮೆಟ್ಟಿಲ ಮೇಲೆ ಕೂತವಳು ಶಟರ್ ಎತ್ತುವ ತನಕ ಏಳಲಿಲ್ಲ.

ಆಮೇಲೆ ರೂಢಿಯಾಯಿತು. ಮನುಷ್ಯರಿಗೆ ಏನು ಬೇಕಾದರೂ ರೂಢಿಯಾಗುತ್ತದೆ ಕಣ್ರೀ, ನೀವಿಲ್ಲದಿರುವುದು ಆಗಲಿಲ್ಲವೆ? ಮಾವ ಮಾತಾಡುವುದಿಲ್ಲ, ಯಾರನ್ನೂ ಹೆದರಿಸುವುದಿಲ್ಲ. ಬರುತ್ತಾರೆ, ನಿಲ್ಲುತ್ತಾರೆ, ಶಟರ್ ಎತ್ತಿದ ಶಬ್ದಕ್ಕೆ ಇಲ್ಲವಾಗುತ್ತಾರೆ. ಗೋಡೆಯ ಮೊಳೆಗೆ ಒಂದು ಬೂದುಬಣ್ಣದ ಕೋಟು ತೂಗುತ್ತದಲ್ಲ, ಯಾವನೋ ಗಿರಾಕಿ ತೆಗೆದುಕೊಂಡು ಹೋಗಲಿಲ್ಲ ಎಂದು ಅತ್ತೆ ನಮಗೆಲ್ಲ ಹೇಳಿದ್ದ ಕೋಟು, ಚಿಕ್ಕಂದಿನಲ್ಲಿ ಅದನ್ನು ಮೈಮೇಲೆ ಹಾಕಿಕೊಂಡು ಕುಣಿದದ್ದಕ್ಕೆ ಅಳತೆಪಟ್ಟಿಯಿಂದ ಏಟು ತಿಂದಿದ್ದಿರಲ್ಲ, ಅದು ಅವರದು. ಎಲ್ಲ ಮುಗಿದಿದೆ, ಎಡತೋಳೊಂದು ಕೂಡಿಸಿಲ್ಲ. ಅತ್ತೆ ಅವರೆದುರು ಕೂತು ತೋಳನ್ನು ಕಚ್ಚಾ ಹೊಲಿಗೆಯಲ್ಲಿ ಕೂಡಿಸುತ್ತಾರೆ, ಹೆಗಲಿಗೆ ಹಿಡಿದು ನೋಡುತ್ತಾರೆ, ಇನ್ನೂ ಸರಿಯಾಗಿಲ್ಲ ರೀ, ನಾಳೆ ಬನ್ನಿ ಅನ್ನುತ್ತಾರೆ. ಸಂಜೆ ಕೂತು ಆ ಹೊಲಿಗೆಯನ್ನು ಬಿಚ್ಚುತ್ತಾರೆ. ನಮ್ಮ ಕಸುಬಿನ ಕ್ರಮ ನಿಮಗೆ ಗೊತ್ತು. ಬಟ್ಟೆ ಮುಗಿದರೆ ಗಿರಾಕಿ ತೊಟ್ಟುಕೊಂಡು ಹೋಗುತ್ತಾನೆ. ಮುಗಿಯದಿದ್ದರೆ ಮತ್ತೆ ಬರಲೇಬೇಕು.

ಇಷ್ಟು ಓದಿ ನಿಮ್ಮ ಮುಖ ಹೇಗೆ ಗಂಟಿಕ್ಕಿರುತ್ತದೆ ಎಂದು ಗೊತ್ತು. ಅಪ್ಪ ನಮ್ಮನ್ನು ಬಿಟ್ಟು ಓಡಿಹೋದವನಲ್ಲವೆ, ಅವನು ಸತ್ತದ್ದು ಯಾವಾಗ, ಇಲ್ಲಿ ಬರಲು ಅವನಿಗೇನು ಹಕ್ಕು ಎಂದು ಕೇಳುತ್ತೀರಿ. ನಾನೂ ಅದನ್ನೇ ಕೇಳಿದೆ. ಗುಂಡಿ ಆರಿಸುತ್ತಾ, ಗುಂಡಿ ತೂರುವ ಕಾಜ ಹೊಲಿಯುತ್ತಾ ಅತ್ತೆ ಚೂರುಚೂರಾಗಿ ಹೇಳಿದರು. ಕಣ್ಣು ಮಂಜಾದ ಮೇಲೆ ಅವರ ಬಾಯಿ ಸಡಿಲವಾಗಿದೆ. ಎಲ್ಲವನ್ನೂ ಸೇರಿಸಿ ನಿಮಗೆ ಬರೆಯುತ್ತಿದ್ದೇನೆ, ಕೂತುಕೊಂಡು ಓದಿ.

ನಿಮ್ಮಪ್ಪನಿಗೆ ಬೇರೆ ಊರಿನ ದೊಡ್ಡ ಹೋಟೆಲಿನಲ್ಲಿ ಕೆಲಸ ಸಿಕ್ಕಿತ್ತು, ಬಾಗಿಲ ಬಳಿಯ ಮೇಜಿನ ಹಿಂದೆ ನಿಂತು ಬಂದವರನ್ನು ಬನ್ನಿ ಎನ್ನುವ ಕೆಲಸ. ಅದಕ್ಕೇ ಆ ಕೋಟು. ಹೊರಡುವ ದಿನ ಬೆಳಗ್ಗೆ ಟ್ರಯಲ್ ನೋಡಿದಾಗ, ಎಡ ಹೆಗಲು ಇಳಿದಿರೋದು ಎದ್ದು ಕಾಣುತ್ತೆ, ಒಳಗೆ ಹತ್ತಿ ಇಟ್ಟು ಮೇಲೆತ್ತು ಅಂದರಂತೆ. ಅತ್ತೆ ಒಪ್ಪಲಿಲ್ಲ. ಮೈ ಹೇಗಿದೆಯೋ ಹಾಗೆ ಹೊಲಿಯೋದು ನಮ್ಮಪ್ಪ ಕಲಿಸಿದ ಕೆಲಸ, ಹತ್ತಿ ತುಂಬಿ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಅಂದರಂತೆ. ಹುಟ್ಟಿದಾಗಿನಿಂದ ಸೊಟ್ಟ ಅನ್ನಿಸಿಕೊಂಡಿದ್ದೀನಿ, ಕೋಟಿನಲ್ಲಾದರೂ ನೆಟ್ಟಗೆ ನಿಲ್ಲೋಕೆ ಬಿಡಲ್ವಾ ನೀನು ಎಂದು ಮಾವ ಕೂಗಾಡಿದರಂತೆ. ಟಿಕೆಟ್ ತಂದು ಮಧ್ಯಾಹ್ನ ಬರ್ತೀನಿ, ಅಷ್ಟರಲ್ಲಿ ತೋಳು ಸರಿಯಾಗಿರಬೇಕು, ಇಲ್ಲದಿದ್ದರೆ ಈ ಮನೆ ಕಡೆ ಮುಖ ಹಾಕಲ್ಲ ಎಂದು ಅಂಗಿಯಲ್ಲೇ ಹೊರಟುಹೋದರಂತೆ. ಒಂದು ಹಿಡಿ ಹತ್ತಿಗೆ ಇಷ್ಟೆಲ್ಲ.

ಮಧ್ಯಾಹ್ನ ಬಂದರು. ಮಾತಿಲ್ಲ. ಸಿಟ್ಟು ಇಳಿದಿಲ್ಲ ಎಂದುಕೊಂಡರು ಅತ್ತೆ. ಅಂಗಿಯ ಕಾಲರ್ ಹರಿದು ಜೋತುಬಿದ್ದಿತ್ತು. ಎಲ್ಲಿ ಹರ್ಕೊಂಡ್ರಿ ಇದನ್ನ ಎನ್ನುತ್ತಾ ಒಂದು ಗುಂಡುಸೂಜಿ ಚುಚ್ಚಿದರು. ಸೂಜಿ ನೆಲಕ್ಕೆ ಬಿತ್ತು. ಇನ್ನೊಂದು ಚುಚ್ಚಿದರು. ಅದೂ ಬಿತ್ತು. ಬಟ್ಟೆಯ ಮೇಲೆ ಕೈಯಿಟ್ಟೇ ಬೆಳೆದ ಹೆಂಗಸು, ಸೂಜಿ ನಿಲ್ಲದ ಬಟ್ಟೆ ಎಂಥದ್ದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗಲೇ ಹೊರಗಿನಿಂದ ಪೊಲೀಸ್ ಪೇದೆ ಕೂಗಿದ್ದು. ಸ್ಟೇಷನ್ನಿಗೆ ಅಡ್ಡದಾರಿಯಲ್ಲಿ ಹೋಗಲು ಹಳಿ ದಾಟುತ್ತಿದ್ದ ಯಾರೋ ರೈಲಿಗೆ ಸಿಕ್ಕಿದ್ದಾರೆ, ಗುರುತು ಸಿಗುತ್ತಿಲ್ಲ, ಈ ಹೊಲಿಗೆ ನಿಮ್ಮ ಅಂಗಡಿಯದು ಅಂತಾರೆ, ನೋಡಮ್ಮ ಎಂದು ಕಾಲರಿನ ಅರ್ಧ ತುಂಡನ್ನು ಶಟರ್ ಕೆಳಗಿನಿಂದ ಒಳಗೆ ಚಾಚಿದನಂತೆ. ಅತ್ತೆ ಹೊಲಿದ ಕಾಜವನ್ನು ಕತ್ತಲಲ್ಲಿ ಬೆರಳಿಟ್ಟು ಹೇಳಬಹುದು ಎನ್ನುತ್ತೀರಲ್ಲ ನೀವು. ಆ ತುಂಡಿನಲ್ಲಿ ಆ ಕಾಜವಿತ್ತು. ಅತ್ತೆ ನೋಡಿದರು, ಇದು ನಮ್ಮದಲ್ಲ ಅಂದರು.

ಯಾಕೆ ಹಾಗಂದ್ರಿ ಅತ್ತೆ ಎಂದು ನಾನು ಹೆಚ್ಚುಕಡಿಮೆ ಚೀರಿದೆ. ಅವರು ಗುಂಡಿ ಆರಿಸುವುದನ್ನು ನಿಲ್ಲಿಸಲಿಲ್ಲ. ಒಳಗೆ ಕನ್ನಡಿ ಮುಂದೆ ನಿಂತಿದ್ದರಲ್ಲೇ, ಹೊರಗಿರೋದನ್ನ ಹೌದು ಅಂದಿದ್ರೆ ಒಳಗಿರೋರು ಹೋಗಿಬಿಡ್ತಿದ್ರು ಅಂದರು. ಗಂಡ ಬಿಟ್ಟುಹೋದ, ಬೇರೆ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಊರಿಗೆ ಹೇಳಿದ್ದೂ ಅವರೇ. ನಿಮಗೆ ಹೇಳಿದ್ದೂ ಅವರೇ. ಹಳಿಯ ಮೇಲೆ ಸಿಕ್ಕ ಆ ಮೈ ಯಾರದೂ ಅಲ್ಲದ ಮೈಯಾಗಿ ಎಲ್ಲಿಗೋ ಹೋಯಿತು.

ರೀ, ನಾನು ಅತ್ತೆಯ ಜೊತೆ ಎಷ್ಟೋ ದಿನ ಮಾತು ಬಿಟ್ಟೆ. ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ. ಮಗ ಬಾಗಿಲಲ್ಲಿ ಕೂತು ಅಪ್ಪ ಇವತ್ತು ಬರ್ತಾನೆ, ನಾಳೆ ಬರ್ತಾನೆ ಎಂದು ಕಾದದ್ದು ಇವರಿಗೆ ಕಾಣಲಿಲ್ಲವೆ? ಆಮೇಲೆ ಕಾಯುವುದನ್ನು ಬಿಟ್ಟು ಅಪ್ಪನ ಫೋಟೋ ಹರಿದು ಹಾಕಿದ್ದು? ಮಹಡಿಯಲ್ಲಿ ನೀವು ಅಪ್ಪನನ್ನು ಬೈದುಕೊಂಡು ಮಲಗಿರುವಾಗ, ಕೆಳಗೆ ಅದೇ ಅಪ್ಪ ಕೋಟಿಗೆ ಕಾಯುತ್ತಾ ನಿಂತಿದ್ದರಲ್ಲ! ನಮ್ಮ ವಂಶದ ಗಂಡಸರು ಬಿಟ್ಟುಹೋಗೋರೇ ಕಣೇ, ನಮ್ಮಪ್ಪ ಹೇಳದೆ ಹೋದ, ನಾನು ಹೇಳಿ ಹೋಗ್ತಿದ್ದೀನಿ ಎಂದು ನೀವು ಆ ದಿನ ಲಾರಿ ಕೀಲಿಕೈ ತೆಗೆದುಕೊಂಡಿರಿ. ನನ್ನ ಸಂಸಾರ ಮುರಿದ ಆ ಮಾತು ಹುಟ್ಟಿದ್ದು ಒಂದು ಸುಳ್ಳಿನಿಂದ. ನಿಮ್ಮಪ್ಪ ಯಾರನ್ನೂ ಬಿಟ್ಟುಹೋದವರಲ್ಲ. ಸಾವು ಬಂದರೂ ಹೇಳಿದ ಹೊತ್ತಿಗೆ ಮನೆಗೆ ಬಂದವರು. ನೀವು ಮಾತ್ರ, ಮಹಾರಾಯರೇ, ಬದುಕಿದ್ದೂ ಬರಲಿಲ್ಲ.

ಸಿಟ್ಟಿನಲ್ಲಿ ಬರೆದೆ, ಹೊಡೆದುಹಾಕುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅತ್ತೆಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಹೊಲಿಯುವುದಿರಲಿ, ಬಿಚ್ಚುವುದಕ್ಕೂ ಕೈ ನಡುಗುತ್ತದೆ. ಹೋದ ಭಾನುವಾರ ಕೋಟನ್ನು ನನ್ನ ಮಡಿಲಿಗೆ ಹಾಕಿ, ಸಾಕು ಕಣೇ, ಅವರು ನಿಂತೂ ನಿಂತೂ ದಣಿದಿದ್ದಾರೆ, ಕಾಲು ನೋಡು ಹೇಗೆ ಬದಲಾಯಿಸ್ತಾರೆ ಅಂದರು. ನಿಜ ರೀ. ಮಾವ ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕುತ್ತಾರೆ. ಸತ್ತವರಿಗೂ ಕಾಲು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬರೋ ಭಾನುವಾರ ತೋಳು ಕೂಡಿಸಿಬಿಡು, ಪಕ್ಕಾ ಹೊಲಿಗೆ ಹಾಕು ಅಂದರು ಅತ್ತೆ. ಕೋಟಿನ ಮೇಲೆ ಕೈಯಾಡಿಸಿ, ಎಡ ಹೆಗಲಿಗೆ ಹತ್ತಿ ಇಡು ಅಂದರು. ಅವರು ಕೇಳಿದಷ್ಟೂ ಇಡು, ಚೌಕಾಸಿ ಮಾಡಬೇಡ ಅಂದರು. ಆಗ ಮಾತ್ರ ಅತ್ತರು.

ಅಷ್ಟು ದಿನದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಪೂರ್ತಿ ಅಲ್ಲ, ಕೂತು ಮಾತಾಡುವಷ್ಟು ಇಳಿಯಿತು. ಇಷ್ಟು ವರ್ಷ ಮಾವನಿಂದ ಒಂದು ಮಾತಿಲ್ಲ, ಒಂದು ಸ್ಪರ್ಶವಿಲ್ಲ, ದಿನಕ್ಕೊಂದು ಕಚ್ಚಾ ಹೊಲಿಗೆ ಅಷ್ಟೇ. ಆದರೂ ಶಟರ್ ಅರ್ಧ ಇಳಿಸುವ ಮುಂಚೆ ಅತ್ತೆ ಮುಖ ತೊಳೆದು ತಲೆ ಬಾಚಿಕೊಳ್ಳುತ್ತಾರೆ. ಅವರಿಗೀಗ ಕಾಣದ ಕನ್ನಡಿಯ ಮುಂದೆ ನಿಂತು ಬಾಚಿಕೊಳ್ಳುತ್ತಾರೆ. ಇಂಥ ಪ್ರೀತಿ ನನಗೆ ಬೇಡ ಅತ್ತೆ, ಹೋದವರನ್ನ ಹೋಗೋಕೆ ಬಿಡಬೇಕು, ಹೀಗೆ ಹಿಡಿದಿಟ್ಕೊಳ್ಳೋದು ಪ್ರೀತಿಯಲ್ಲ ಹಟ ಎಂದು ದೊಡ್ಡ ಭಾಷಣ ಬಿಗಿದೆ. ಅವರು ಕೇಳಿಸಿಕೊಂಡು, ನಿನ್ನ ಗಂಡನ ಅಂಗಿ ಎಲ್ಲಿದೆ ಅಂದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಅಂಗಿ ಅಂದರೆ ಆ ನೀಲಿಯದು. ನೀವು ಹೋಗುವ ದಿನ ನಾನು ಹೊಲಿಯುತ್ತಿದ್ದದ್ದು. ಬಲತೋಳಿನ ತುದಿಗೆ ಕಫ್ ಪಟ್ಟಿ ಕೂಡಿಸುವುದು ಇನ್ನೂ ಬಾಕಿ ಇದೆ. ಪುರುಸೊತ್ತಾಗಿಲ್ಲ, ಅಷ್ಟೇ. ಅದಕ್ಕೆ ಬೇರೆ ಅರ್ಥ ಹುಡುಕಬೇಡಿ.

ನಾನು ಕೇಳುವುದು ಇಷ್ಟು. ಭಾನುವಾರ ಊಟದ ಹೊತ್ತಿಗೆ ಬನ್ನಿ. ನನಗೋಸ್ಕರ ಬೇಡ. ನಾನು ಮಹಡಿಯಲ್ಲಿ ಇರುತ್ತೇನೆ, ಮುಖ ತೋರಿಸು ಎಂದರೂ ತೋರಿಸುವುದಿಲ್ಲ. ನಿಮ್ಮಪ್ಪ ಕೋಟು ತೊಟ್ಟು ಹೋಗುವ ಮೊದಲು ಒಂದು ಸಲ ಅವರ ಪಕ್ಕ ನಿಂತುಕೊಳ್ಳಿ. ಅವರು ನಿಮಗಿಂತ ಚಿಕ್ಕವರು ಕಣ್ರೀ! ನಿಮ್ಮ ಕೂದಲು ನರೆತಿದೆ, ಅವರದು ಕರ್ರಗಿದೆ. ಬೈಯುವುದಿದ್ದರೆ ಬೈಯಿರಿ, ಅಳುವುದಿದ್ದರೆ ಅಳಿ. ಬಿಟ್ಟುಹೋದವನ ಮಗ ನಾನು ಎಂಬ ಆ ಹಳೇ ಭಾರವನ್ನು ಅಲ್ಲೇ ಇಳಿಸಿ ಹೋಗಿ. ಆಮೇಲೆ ಮತ್ತೆ ಲಾರಿ ಹತ್ತುವುದಾದರೆ ಹತ್ತಿ. ಆದರೆ ಹೋಗುವುದು ನಮ್ಮ ವಂಶದಲ್ಲೇ ಇದೆ ಎಂದು ಮಾತ್ರ ಇನ್ನು ಹೇಳಲಾಗದು, ಬೇರೆ ಕಾರಣ ಹುಡುಕಿಕೊಳ್ಳಿ.

ಮದುವೆಗೆ ಮುಂಚೆ ನಾನು ನಿಮ್ಮನ್ನು ನೀನು ಎನ್ನುತ್ತಿದ್ದೆ, ನೆನಪಿದೆಯೆ? ಅತ್ತೆ ಒಂದು ನೋಟ ನೋಡಿದ್ದೇ ತಡ, ಬಾಯಿಗೆ ತಾನಾಗಿ ನೀವು ಬಂದು ಕೂತಿತು. ನೀವು ಮಾತ್ರ ನನ್ನನ್ನು ಗುಂಡುಸೂಜಿ ಎನ್ನುವುದನ್ನು ಬಿಡಲಿಲ್ಲ. ಗುಂಡು ಮುಖ, ಮಾತಾಡಿದರೆ ಚುಚ್ಚುತ್ತಾಳೆ ಎಂದು ಗಿರಾಕಿಗಳೆದುರೂ ಹೇಳಿ ನಗಿಸುತ್ತಿದ್ದಿರಿ. ಈಗ ಈ ಬೀದಿಯಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ನಾನು ಟೈಲರಮ್ಮ.

ಸುಸ್ತಾಗಿದೆ. ಸಮವಸ್ತ್ರಗಳ ರಾಶಿ ನನ್ನನ್ನೇ ನೋಡುತ್ತಿದೆ. ಅತ್ತೆ ಶಟರ್ ಅರ್ಧ ಇಳಿಸು ಎಂದು ಕೂಗುತ್ತಿದ್ದಾರೆ.

ಇತಿ,
ಅಂಗಡಿಯಲ್ಲಿ ಉಳಿದವಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಹೇಗಿದ್ದೀರಿ ಎಂದು ಕೊನೆಗೆ ಕೇಳುತ್ತೇನೆ ಎಂದಿದ್ದೆನಲ್ಲ, ಅದನ್ನು ಕೇಳದೆಯೇ ಮುಗಿಸಿದ್ದೆ. ಕೇಳಲು ಧೈರ್ಯ ಬರಲಿಲ್ಲ.

ಹೇಗಿದ್ದೀಯ? ಎಲ್ಲಿದ್ದೀಯ ನೀನು?

ಮಂಗಳವಾರ ಮಧ್ಯಾಹ್ನ ಕನ್ನಡಿಯ ಮುಂದೆ ಇಬ್ಬರಿದ್ದರು. ಒಬ್ಬರು ಮಾವ. ಇನ್ನೊಬ್ಬನ ಕೂದಲು ನರೆತಿತ್ತು. ಬಲಗೈಯನ್ನು ಮುಂದೆ ಚಾಚಿಕೊಂಡು ನಿಂತಿದ್ದ, ಸೈಲೆನ್ಸರ್ ತಾಗಿ ಸುಟ್ಟ ಆ ಹಳೇ ಕಲೆ ಮಣಿಕಟ್ಟಿನಲ್ಲಿ ಕಾಣುವ ಹಾಗೆ. ಕನ್ನಡಿಯಲ್ಲಿ ನಾನೂ ಅತ್ತೆಯೂ ಮಾತ್ರ ಇದ್ದೆವು. ನನ್ನ ಕಣ್ಣಿನ ದೋಷವಿರಬೇಕು, ನಿದ್ದೆಗೆಟ್ಟಿದ್ದೇನೆ ಎಂದುಕೊಂಡು ನೀಲಿ ಅಂಗಿಯ ಕಫ್ ತಂದೆ. ನಿನ್ನ ಕೈಮೇಲೆ ಇಟ್ಟು, ನೀನು ತೊಟ್ಟಿದ್ದ ಅಂಗಿಯ ತೋಳಿಗೆ ಸೇರಿಸಿ ಒಂದು ಗುಂಡುಸೂಜಿ ಚುಚ್ಚಿದೆ. ನೆಲಕ್ಕೆ ಬಿದ್ದ ಸದ್ದು ಅತ್ತೆಗೆ ಕೇಳಿಸಿತು. ಯಾರೇ ಅದು, ಇನ್ನೊಬ್ರು ಬಂದ ಹಾಗಿದೆ ಅಂದರು. ಗಿರಾಕಿ ಅತ್ತೆ ಅಂದೆ.

ನಿನ್ನೆಯೂ ನೀನು ಬಂದಿದ್ದೆ. ಈಗಲೂ ನಾನು ಬರೆಯುವುದನ್ನು ನೋಡುತ್ತಾ ನಿಂತಿದ್ದೀಯ. ಅಂಗಡಿಯ ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಆ ನಂಬರು ನಿನ್ನ ಡಿಪೋ ಇರುವ ಊರಿನದು, ನನಗೆ ಮೊದಲೇ ಗೊತ್ತು. ನಾನು ಎತ್ತುವುದಿಲ್ಲ.

ಈ ಕಾಗದ ಕೈಸೇರಿದ ತಕ್ಷಣ ಒಂದು ಸಾಲು ಬರಿ ಕಣೋ. ಬೈದಾದರೂ ಬರಿ. ಭಾನುವಾರ ಮಾವನ ತೋಳು ಕೂಡಿಸುತ್ತೇನೆ, ಅತ್ತೆಗೆ ಮಾತು ಕೊಟ್ಟಿದ್ದೇನೆ. ನಿನ್ನ ಕಫ್ ಮಾತ್ರ ಕೂಡಿಸುವುದಿಲ್ಲ.

ಗುಂಡುಸೂಜಿ